ಹೆರುವವಳನ್ನು ಕೇಳುವುದೂ ಚಿಕಿತ್ಸೆಯೇ

ಮಾನ್ಯ ಸಂಪಾದಕರೇ,

ಸಹಜ ಹೆರಿಗೆ ಮೇಲೋ ಸಿಸೇರಿಯನ್ ಮೇಲೋ ಎಂಬ ವಾದ ಪತ್ರಿಕೆಗಳ ಓದುಗರ ಅಂಕಣದಲ್ಲಿ ವರ್ಷಕ್ಕೆರಡು ಬಾರಿಯಾದರೂ ತಲೆಯೆತ್ತುತ್ತದೆ. ಆಸ್ಪತ್ರೆಯವರು ಹಣದಾಸೆಗೆ ಹೊಟ್ಟೆ ಕೊಯ್ಯುತ್ತಾರೆಂದು ಒಬ್ಬರು ಬರೆಯುತ್ತಾರೆ, ಈಗಿನ ಹೆಣ್ಣುಮಕ್ಕಳಿಗೆ ನೋವು ತಿನ್ನುವ ತಾಳ್ಮೆಯಿಲ್ಲವೆಂದು ಇನ್ನೊಬ್ಬರು ಬರೆಯುತ್ತಾರೆ. ಮೊದಲನೆಯವರ ಕಣ್ಣಿಗೆ ಹೆರುವ ಹೆಂಗಸು ಮೋಸಹೋದವಳು, ಎರಡನೆಯವರ ಕಣ್ಣಿಗೆ ಅಳ್ಳೆದೆಯವಳು. ತನ್ನ ದೇಹದ ಬಗ್ಗೆ ವಿಚಾರಿಸಿ, ತಿಳಿದು, ಒಂದು ತೀರ್ಮಾನಕ್ಕೆ ಬರಬಲ್ಲ ವಯಸ್ಕಳಾಗಿ ಆಕೆ ಈ ಎರಡೂ ಬಗೆಯ ಪತ್ರಗಳಲ್ಲಿ ಕಾಣಸಿಗುವುದಿಲ್ಲ. ಎರಡು ಬಾರಿ ಹೆತ್ತವಳಾಗಿ, ಆ ಬಳಿಕ ಹಲವು ವರ್ಷ ಈ ವಿಷಯವನ್ನು ಓದುತ್ತ ಬಂದವಳಾಗಿ, ಈ ವಾದವೇ ತಪ್ಪು ಜಾಗದಲ್ಲಿ ನಿಂತಿದೆಯೆಂದು ನನಗೆ ಅನ್ನಿಸಿರುವುದರಿಂದ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ. ಸ್ಥಳಾಭಾವವಿದ್ದರೆ ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ. ಕೊನೆಯ ಭಾಗದಲ್ಲಿರುವ ಕೋರಿಕೆಗಳನ್ನು ಮಾತ್ರ ಉಳಿಸಬೇಕೆಂದು ವಿನಂತಿ.

ನನ್ನ ಚೊಚ್ಚಲ ಹೆರಿಗೆಯನ್ನು ಎಲ್ಲರೂ 'ನಾರ್ಮಲ್' ಎಂದೇ ಕರೆದರು. ದಾಖಲೆಯಲ್ಲೂ ಹಾಗೆಯೇ ಇದೆ. ದಿನ ತುಂಬಿ ಮೂರು ದಿನವಾಗಿತ್ತು. ಆಸ್ಪತ್ರೆಗೆ ಹೋದ ಕೂಡಲೇ ಕೈಗೆ ಡ್ರಿಪ್ ಹಾಕಿದರು. ಅದರಲ್ಲಿ ನೋವು ಹೆಚ್ಚಿಸುವ ಔಷಧಿಯಿತ್ತೆಂಬುದು ಮನೆಗೆ ಬಂದ ಮೇಲೆ ಡಿಸ್ಚಾರ್ಜ್ ಪತ್ರ ಓದಿದಾಗ ತಿಳಿಯಿತು. ಮಲಗಿದಲ್ಲಿಂದ ಏಳಬಾರದೆಂದರು, ನೀರು ಕೇಳಿದರೆ ಒದ್ದೆ ಹತ್ತಿಯನ್ನು ತುಟಿಗೆ ಸವರಿದರು. ಗರ್ಭದ ಬಾಯಿ ಎಷ್ಟು ತೆರೆದಿದೆಯೆಂದು ಪರೀಕ್ಷಿಸಲು ಬಂದವರನ್ನು ಎಣಿಸುವುದನ್ನು ನಡುವೆಯೇ ಕೈಬಿಟ್ಟೆ. ಅವರಲ್ಲಿ ಯಾರೂ ತಮ್ಮ ಹೆಸರು ಹೇಳಲಿಲ್ಲ, ನನ್ನ ಹೆಸರು ಕೇಳಲಿಲ್ಲ, ಎಷ್ಟು ತೆರೆದಿದೆಯೆಂಬುದನ್ನು ತಮ್ಮತಮ್ಮಲ್ಲಿ ಹೇಳಿಕೊಂಡರೇ ಹೊರತು ನನಗೆ ಹೇಳಲಿಲ್ಲ. ಕೊನೆಗೆ ಒಬ್ಬರು ಹೊಟ್ಟೆಯ ಮೇಲ್ಭಾಗವನ್ನು ಮೊಣಕೈಯಿಂದ ಒತ್ತಿದರು, ಇನ್ನೊಬ್ಬರು ಕೆಳಗೆ ಕತ್ತರಿಸಿದರು. ಕತ್ತರಿಸುತ್ತೇವೆಂದು ಒಂದು ಮಾತು ಹೇಳಿದ್ದರೆ ನಾನು ಬೇಡವೆನ್ನುತ್ತಿದ್ದೆನೆಂದೇನೂ ಇಲ್ಲ, ಪ್ರಾಯಶಃ ಆಗಲಿ ಎಂದೇ ಹೇಳುತ್ತಿದ್ದೆ. ಹೊಲಿಗೆಯ ನೋವು ಆರು ವಾರಕ್ಕೆ ಮಾಸಿತು. ಹೇಳದೆ ಕತ್ತರಿಸಿದರೆಂಬ ಸಂಗತಿ ಮಗಳಿಗೆ ಹದಿನೈದು ವರ್ಷ ತುಂಬಿದ ಈಗಲೂ ಮಾಸಿಲ್ಲ. ಇದನ್ನು ಯಾರಲ್ಲಾದರೂ ಹೇಳಿಕೊಳ್ಳಹೊರಟರೆ ಬರುತ್ತಿದ್ದ ಉತ್ತರ ಒಂದೇ: 'ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು?'

ಐದು ವರ್ಷದ ಬಳಿಕ ಎರಡನೆಯ ಹೆರಿಗೆ, ಬೇರೊಂದು ಆಸ್ಪತ್ರೆಯಲ್ಲಿ, ಸಿಸೇರಿಯನ್ ಮೂಲಕ ಆಯಿತು. ನೋವು ಚೆನ್ನಾಗಿಯೇ ಮುಂದುವರಿಯುತ್ತಿದ್ದಾಗ ಮಗುವಿನ ಎದೆಬಡಿತ ಇಳಿಯತೊಡಗಿತು, ಇಳಿದದ್ದು ಮೇಲೇರಲು ಪ್ರತಿ ಬಾರಿಯೂ ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿತು. ವೈದ್ಯೆ ಒಂದು ಸ್ಟೂಲ್ ಎಳೆದುಕೊಂಡು ನನ್ನ ಮುಖದ ಮಟ್ಟಕ್ಕೆ ಕುಳಿತರು. ಏನಾಗುತ್ತಿದೆ, ತಾನು ಏನು ಮಾಡಬೇಕೆಂದಿದ್ದೇನೆ, ಇನ್ನೂ ಇಪ್ಪತ್ತು ನಿಮಿಷ ಕಾದು ನೋಡಿದರೆ ಏನಾಗಬಹುದು, ಶಸ್ತ್ರಚಿಕಿತ್ಸೆಯಿಂದ ಮುಂದಿನ ಬಸಿರಿಗೆ ಏನು ತೊಂದರೆ ಬರಬಹುದು ಎಂಬುದನ್ನು ಹೇಳಿ, 'ನಿಮಗೆ ಏನಾದರೂ ಕೇಳಬೇಕಿದೆಯೇ?' ಎಂದರು. ನಾನು ಎರಡು ಪ್ರಶ್ನೆ ಕೇಳಿದೆ, ಅವರು ಉತ್ತರಿಸಿದರು, ಮಾಡಿ ಎಂದೆ. ಇಷ್ಟಕ್ಕೂ ಹಿಡಿದದ್ದು ಎರಡು ಮೂರು ನಿಮಿಷ. ಚೇತರಿಸಿಕೊಳ್ಳುವುದು ಮೊದಲ ಬಾರಿಗಿಂತ ಕಷ್ಟವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ 'ನಾನು ಹೆತ್ತೆ' ಎಂದು ಹೇಳಿಕೊಳ್ಳಲು ಬಾಯಿ ಬರುವುದು ಈ ಎರಡನೆಯದರ ಬಗ್ಗೆ. ಮೊದಲನೆಯದರ ಬಗ್ಗೆ ಹೇಳುವಾಗ 'ಹೆರಿಗೆ ಮಾಡಿಸಿದರು' ಎಂಬ ಮಾತೇ ನಾಲಿಗೆಗೆ ಬರುತ್ತದೆ. ನಮ್ಮ ಭಾಷೆಯಲ್ಲಿ 'ಹೆರು' ಎಂಬ ಕ್ರಿಯೆಗೆ ಕರ್ತೃ ತಾಯಿ, 'ಹೆರಿಗೆ ಮಾಡಿಸು' ಎಂಬುದಕ್ಕೆ ಕರ್ತೃ ಬೇರೊಬ್ಬರು. ಹೆರಿಗೆಯು ಪೂರ್ತಿಯಾಗಿ ವೈದ್ಯಕೀಯದ ಸುಪರ್ದಿಗೆ ಹೋದದ್ದರ ಬಗ್ಗೆ ನಾನು ಓದಿರುವುದೆಲ್ಲವೂ ಕೊನೆಗೆ ಈ ಒಂದು ವ್ಯಾಕರಣದ ವ್ಯತ್ಯಾಸದ ಬಳಿಗೇ ಬಂದು ನಿಲ್ಲುತ್ತದೆ.

ಈ ವರ್ಗಾವಣೆ ಒಂದೇ ದಿನದಲ್ಲಿ ಆದದ್ದಲ್ಲ, ಮತ್ತು ಅದನ್ನು ಬರೀ ದರ್ಪದ ಕಥೆಯಾಗಿ ಹೇಳುವುದೂ ಸರಿಯಲ್ಲ. 1840ರ ದಶಕದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ, ಇನ್ನೊಂದನ್ನು ತರಬೇತಿಯಲ್ಲಿದ್ದ ಸೂಲಗಿತ್ತಿಯರೂ ನೋಡಿಕೊಳ್ಳುತ್ತಿದ್ದರು. ಬಾಣಂತಿ ಜ್ವರದಿಂದ ಸಾಯುವವರ ಸಂಖ್ಯೆ ವೈದ್ಯರ ವಿಭಾಗದಲ್ಲೇ ಬಹಳ ಹೆಚ್ಚಾಗಿತ್ತು. ಊರಿನ ಹೆಂಗಸರಿಗೆ ಇದು ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ಮಾತ್ರ ಹಾಕಬೇಡಿರೆಂದು ಅವರು ಅಂಗಲಾಚುತ್ತಿದ್ದರು, ಕೆಲವರು ಅಲ್ಲಿಗೆ ಹೋಗುವುದಕ್ಕಿಂತ ಬೀದಿಯಲ್ಲಿ ಹೆರುವುದೇ ಲೇಸೆಂದುಕೊಂಡರು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೊಠಡಿಗೆ ಬರುವವರ ಕೈಗಳೇ ಸಾವನ್ನು ಹೊತ್ತು ತರುತ್ತಿವೆಯೆಂದು ಇಗ್ನಾಜ್ ಸೆಮ್ಮೆಲ್‌ವೈಸ್ ಕಂಡುಕೊಂಡು, 1847ರ ಮೇ ತಿಂಗಳಿಂದ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವಿನ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಇದನ್ನು ಆಧುನಿಕ ವೈದ್ಯಕೀಯದ ಗೆಲುವೆಂದು ಪಠ್ಯಪುಸ್ತಕಗಳು ಹೇಳುತ್ತವೆ, ಅದು ನಿಜವೇ. ವೈದ್ಯರಿಗಿಂತ ಮೊದಲೇ ಬಸುರಿ ಹೆಂಗಸರು ಆ ಎರಡು ಬಾಗಿಲುಗಳ ವ್ಯತ್ಯಾಸವನ್ನು ಅರಿತಿದ್ದರು, ಅವರ ಮಾತನ್ನು ಯಾರೂ ಸಾಕ್ಷ್ಯವೆಂದು ಪರಿಗಣಿಸಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿಯೇ ಸರಿಪಡಿಸಬೇಕು. ವೈದ್ಯಕೀಯ ನೆರವನ್ನು ಹೆಂಗಸರ ಮೇಲೆ ಸದಾ ಹೇರಲಾಯಿತೆಂಬುದು ಅರ್ಧಸತ್ಯ. ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದಾಗ ಆಕ್ಷೇಪಣೆಗಳು ಬಂದವು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ತನ್ನ ಎಂಟನೆಯ ಹೆರಿಗೆಯಲ್ಲಿ ಅದನ್ನು ಪಡೆದ ಮೇಲೆ ಅದಕ್ಕೊಂದು ಮರ್ಯಾದೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಮಾರ್ಫಿನ್ ಮತ್ತು ಸ್ಕೋಪೋಲಮೈನ್ ಸೇರಿಸಿ ಕೊಡುವ ಪದ್ಧತಿ ಬಳಕೆಗೆ ಬಂದಾಗ, ಅದು ತಮಗೂ ಬೇಕೆಂದು ಅಮೆರಿಕದ ಮಹಿಳೆಯರು 1914ರ ಸುಮಾರಿಗೆ ಸಂಘ ಕಟ್ಟಿಕೊಂಡು ಪ್ರಚಾರ ಮಾಡಿದರು. ಆ ಔಷಧಿ ನೋವನ್ನು ಪೂರ್ತಿ ತೆಗೆಯುತ್ತಿರಲಿಲ್ಲ, ನೋವಿನ ನೆನಪನ್ನು ಅಳಿಸುತ್ತಿತ್ತು. ಹೆರುವಾಗ ಹೆಂಗಸರು ಕೂಗುತ್ತಿದ್ದರು, ಹೊರಳಾಡುತ್ತಿದ್ದರು, ಮಂಚಕ್ಕೆ ಕಟ್ಟಿಸಿಕೊಳ್ಳುತ್ತಿದ್ದರು, ಎಚ್ಚರವಾದಾಗ ಏನೂ ನೆನಪಿರುತ್ತಿರಲಿಲ್ಲ. ನೋವಿನಿಂದ ಬಿಡುಗಡೆ ಕೇಳಿದವರಿಗೆ ಸಿಕ್ಕಿದ್ದು ತಮ್ಮದೇ ಹೆರಿಗೆಯಿಂದ ಹೊರಹಾಕಿಸಿಕೊಂಡ ಸ್ಥಿತಿ. ಹಾಗೆಂದು ಅವರು ನೋವು ನಿವಾರಣೆ ಕೇಳಿದ್ದು ತಪ್ಪಾಗಿರಲಿಲ್ಲ. ಇಂದು ಎಚ್ಚರವಾಗಿದ್ದುಕೊಂಡೇ ನೋವು ತಗ್ಗಿಸುವ, ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು ಇದೆ, ಅದನ್ನು ಕೇಳಿದವಳನ್ನು ಸೋಗಲಾಡಿಯೆಂದು ಜರಿಯುವುದಕ್ಕೆ ಯಾರಿಗೂ ಹಕ್ಕಿಲ್ಲ.

ನನ್ನ ಮೊದಲ ಹೆರಿಗೆಯಲ್ಲಿ ಡ್ರಿಪ್ ಹಾಕಿದ್ದೇಕೆಂದು ವಿಚಾರಿಸುತ್ತ ಹೋದಾಗ ನನಗೆ ಎದುರಾದದ್ದು ಒಂದು ಗಡಿಯಾರ. 1950ರ ದಶಕದ ಮಧ್ಯದಲ್ಲಿ ಎಮಾನುಯೆಲ್ ಫ್ರೀಡ್‌ಮನ್ ಎಂಬ ಅಮೆರಿಕದ ವೈದ್ಯರು ಚೊಚ್ಚಲ ಹೆರಿಗೆಯ 500 ಮಹಿಳೆಯರ ನೋವಿನ ಗತಿಯನ್ನು ನಕ್ಷೆಯ ಮೇಲೆ ಗುರುತಿಸಿ ಒಂದು ವಕ್ರರೇಖೆ ಬರೆದರು. ಕಾಲಕ್ರಮದಲ್ಲಿ ಆ ಸರಾಸರಿಯಿಂದ ಒಂದು ನಿಯಮ ಹುಟ್ಟಿಕೊಂಡಿತು: ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದ ಬಳಿಕ ಗಂಟೆಗೆ ಒಂದು ಸೆಂಟಿಮೀಟರ್‌ನಂತೆ ತೆರೆಯುತ್ತ ಹೋಗಬೇಕು, ಹೋಗದಿದ್ದರೆ ಹೆರಿಗೆ 'ತಡವಾಗಿದೆ'. ತಡವೆಂದಾದ ಮೇಲೆ ಔಷಧಿ, ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಆಕ್ಸಿಟೋಸಿನ್ ಹಾರ್ಮೋನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದರಿಂದ ಗಡಿಯಾರದ ವೇಗಕ್ಕೆ ಗರ್ಭಕೋಶವನ್ನು ಓಡಿಸುವ ಸಾಧನವೂ ಕೈಗೆ ಬಂದಿತ್ತು. ಆ ಔಷಧಿಯ ಬಗ್ಗೆ ನನಗೆ ದ್ವೇಷವಿಲ್ಲ. ಹೆರಿಗೆಯಾದ ಕೂಡಲೇ ಅದರ ಹತ್ತು ಯೂನಿಟ್ ಕೊಡುವುದರಿಂದ ರಕ್ತಸ್ರಾವದಿಂದ ಸಾಯಬೇಕಾದ ಎಷ್ಟೋ ತಾಯಂದಿರು ಬದುಕುತ್ತಿದ್ದಾರೆ. ನನ್ನ ಆಕ್ಷೇಪ ಸರಾಸರಿಯನ್ನು ಮಿತಿಯೆಂದು ಓದಿದ್ದಕ್ಕೆ. ಒಂದು ತರಗತಿಯ ಮಕ್ಕಳ ಸರಾಸರಿ ಎತ್ತರ ತೆಗೆದು, ಅದಕ್ಕಿಂತ ಗಿಡ್ಡವಿರುವವರೆಲ್ಲ ರೋಗಿಗಳೆಂದರೆ ಯಾರೂ ಒಪ್ಪಲಾರರು. ಹೆರಿಗೆ ಕೊಠಡಿಯಲ್ಲಿ ಅಂಥದೇ ತರ್ಕ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಕಡೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಗಂಟೆಗೊಂದು ಸೆಂಟಿಮೀಟರ್ ಎಂಬ ಮಾನದಂಡ ಕೆಲವು ಮಹಿಳೆಯರಿಗೆ ಅವಾಸ್ತವಿಕವಾದಷ್ಟು ವೇಗದ್ದೆಂದು ಹೇಳಿ, ನೋವಿನ ಸಕ್ರಿಯ ಹಂತವನ್ನು ಐದು ಸೆಂಟಿಮೀಟರ್‌ನಿಂದ ಎಣಿಸಬೇಕೆಂದೂ, ತಾಯಿ ಮಗು ಇಬ್ಬರೂ ಚೆನ್ನಾಗಿರುವಾಗ ನಿಧಾನಗತಿಯೊಂದೇ ಕಾರಣಕ್ಕೆ ಕೈಹಾಕಬಾರದೆಂದೂ ತಿಳಿಸಿತು. ಚೊಚ್ಚಲ ಹೆರಿಗೆಯಲ್ಲಿ ಆ ಹಂತ ಹನ್ನೆರಡು ಗಂಟೆಯವರೆಗೂ ಹಿಡಿಯಬಹುದೆಂಬುದು ಅದೇ ಶಿಫಾರಸಿನಲ್ಲಿದೆ. ಅದು ಪ್ರಕಟವಾಗುವ ಹೊತ್ತಿಗೆ ನಾನು ಎರಡೂ ಮಕ್ಕಳನ್ನು ಹೆತ್ತಾಗಿತ್ತು.

ಒಂದು ಕ್ರಮ ಇನ್ನೊಂದನ್ನು ಎಳೆದು ತರುತ್ತದೆಂಬುದನ್ನು ಹೆರಿಗೆ ಕೊಠಡಿಯಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು. ಡ್ರಿಪ್ ಹಾಕಿದ ಮೇಲೆ ನೋವು ಒತ್ತೊತ್ತಾಗಿ ಬರುವುದರಿಂದ ಮಗುವಿನ ಎದೆಬಡಿತವನ್ನು ಎಡೆಬಿಡದೆ ನೋಡಬೇಕಾಗುತ್ತದೆ. ಅದಕ್ಕೆ ಹೊಟ್ಟೆಗೆ ಪಟ್ಟಿ ಕಟ್ಟಬೇಕು. ಪಟ್ಟಿ ಕಟ್ಟಿದರೆ ತಾಯಿ ಮಂಚ ಬಿಟ್ಟು ಏಳುವಂತಿಲ್ಲ. ಅಂಗಾತ ಮಲಗಿದವಳಿಗೆ ನೋವು ತಡೆಯುವುದು ಕಷ್ಟ, ಮಗು ಇಳಿಯುವುದೂ ನಿಧಾನ. ಗರ್ಭದ ಬಾಯಿ ಪೂರ್ತಿ ತೆರೆಯುವವರೆಗಿನ ಮೊದಲ ಹಂತವನ್ನು ನಿಂತೋ ಓಡಾಡುತ್ತಲೋ ಕಳೆದವರಿಗೆ ಆ ಹಂತ ಸರಾಸರಿ ಒಂದು ಗಂಟೆ 22 ನಿಮಿಷ ಕಡಿಮೆಯಾಗುತ್ತದೆಂದು ಐದು ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ, ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 2013ರಲ್ಲಿ ತೋರಿಸಿತು. ಔಷಧಿಯಿಂದ ಪಡೆಯಬೇಕೆಂದಿದ್ದ ವೇಗದ ಒಂದು ಪಾಲು ಎದ್ದು ನಿಲ್ಲುವುದರಲ್ಲೇ ಇತ್ತು! ಎಡೆಬಿಡದ ವಿದ್ಯುನ್ಮಾನ ನಿಗಾವಣೆಯ ಕಥೆಯೂ ಗಮನಾರ್ಹ. ಮೂವತ್ತೇಳು ಸಾವಿರಕ್ಕೂ ಮಿಕ್ಕಿದ ಮಹಿಳೆಯರನ್ನೊಳಗೊಂಡ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ, ನವಜಾತ ಶಿಶುಗಳಲ್ಲಿ ಸೆಳವು ಕಾಣಿಸಿಕೊಳ್ಳುವುದು ಅರ್ಧದಷ್ಟು ಕಡಿಮೆಯಾಗಿತ್ತು, ಆದರೆ ಶಿಶುಮರಣದಲ್ಲಾಗಲೀ ಮಿದುಳಿಗೆ ಆದ ಹಾನಿಯಿಂದ ಕೈಕಾಲು ಸ್ವಾಧೀನ ತಪ್ಪುವ ಸೆರೆಬ್ರಲ್ ಪಾಲ್ಸಿಯಲ್ಲಾಗಲೀ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚಾಗಿತ್ತು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಯಂತ್ರ ಹೇಳಲಾರದ ವಿಷಯ. ಹೆರುವವಳು ಹೇಳಬಲ್ಲಳು, ಆಕೆಗೆ ಈ ಮಾಹಿತಿ ಕೊಟ್ಟಿದ್ದರೆ.

ಹಾಗೆಂದು ಈ ಸರಪಳಿಯ ಮಾತನ್ನು ಮಂತ್ರದಂತೆ ಜಪಿಸುವವರಿಗೂ ಒಂದು ಎಚ್ಚರಿಕೆ ಬೇಕು. ತಾನಾಗಿ ಬರುವ ಮೊದಲೇ ಔಷಧಿ ಮುಂತಾದವುಗಳಿಂದ ನೋವು ಬರಿಸಿದರೆ ಸಿಸೇರಿಯನ್ ತಪ್ಪಿದ್ದಲ್ಲವೆಂದು ನಾನೂ ನಂಬಿದ್ದೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರನ್ನೊಳಗೊಂಡು ನಡೆದು 2018ರಲ್ಲಿ ಪ್ರಕಟವಾದ ಅರೈವ್ ಪ್ರಯೋಗದಲ್ಲಿ, 39ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ಶೇ 18.6, ಕಾದವರಲ್ಲಿ ಶೇ 22.2 ಮಂದಿಗೆ ಸಿಸೇರಿಯನ್ ಆಗಿತ್ತು. ಅಪಾಯವಿಲ್ಲದ ಗರ್ಭಿಣಿಯರ ವಿಷಯದಲ್ಲಿ, ವ್ಯವಸ್ಥಿತವಾಗಿ ಆರೈಕೆ ಮಾಡಿದ ಆಸ್ಪತ್ರೆಗಳಲ್ಲಿ ಬಂದ ಫಲಿತಾಂಶವಿದು. ನನ್ನ ನಂಬಿಕೆ ಅಷ್ಟು ಸರಳವಾಗಿರಲಿಲ್ಲವೆಂದು ಒಪ್ಪಿಕೊಳ್ಳುವುದಕ್ಕೆ ಇಷ್ಟು ಸಾಕಾಯಿತು.

ಸಿಸೇರಿಯನ್ ಬಗ್ಗೆ ಮಾತಾಡುವವರೆಲ್ಲ ಶೇಕಡಾ ಲೆಕ್ಕ ಹಿಡಿದು ಬರುತ್ತಾರೆ. 1985ರಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ಸೇರಿದ ತಜ್ಞರು ಯಾವ ಪ್ರದೇಶದಲ್ಲೂ ಈ ಪ್ರಮಾಣ ಶೇ 10ರಿಂದ 15ನ್ನು ಮೀರಲು ಕಾರಣವಿಲ್ಲವೆಂದಿದ್ದರು. ಜಗತ್ತಿನಲ್ಲಿ 1990ರ ಸುಮಾರಿಗೆ ಶೇ 7ರಷ್ಟಿದ್ದ ಸಿಸೇರಿಯನ್ 2021ರ ಹೊತ್ತಿಗೆ ಶೇ 21ಕ್ಕೆ ಏರಿತ್ತು, 2030ಕ್ಕೆ ಶೇ 29 ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಬ್ರೆಜಿಲ್, ಡೊಮಿನಿಕನ್ ಗಣರಾಜ್ಯ, ಈಜಿಪ್ಟ್, ಟರ್ಕಿ, ಸೈಪ್ರಸ್‌ಗಳಲ್ಲಿ ಹೊಟ್ಟೆ ಕೊಯ್ದು ತೆಗೆದ ಮಕ್ಕಳೇ ಹೆಚ್ಚು. ಸಹಾರಾದ ದಕ್ಷಿಣದ ಆಫ್ರಿಕದಲ್ಲಿ ಈ ಪ್ರಮಾಣ ಶೇ 5ರಷ್ಟು ಮಾತ್ರ, ಅಂದರೆ ಶಸ್ತ್ರಚಿಕಿತ್ಸೆ ಸಿಗದೆ ಸಾಯುವವರು ಅಲ್ಲಿ ಇದ್ದಾರೆ. 2023ರಲ್ಲಿ ಬಸಿರು ಮತ್ತು ಹೆರಿಗೆಯ ಕಾರಣಗಳಿಂದ ಜಗತ್ತಿನಲ್ಲಿ ಸತ್ತ ಸುಮಾರು 2,60,000 ಮಹಿಳೆಯರಲ್ಲಿ ಶೇ 90ಕ್ಕಿಂತ ಹೆಚ್ಚಿನವರು ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳವರು. ಅವರಿಗೆ ವೈದ್ಯಕೀಯ ಅತಿಯಾಯಿತೆಂದು ಹೇಳಹೋಗುವುದು ಕ್ರೌರ್ಯವಾದೀತು. ಪ್ರಮಾಣ ಶೇ 10ನ್ನು ದಾಟಿದ ಮೇಲೆ ಜನಸಂಖ್ಯೆಯ ಮಟ್ಟದಲ್ಲಿ ತಾಯಿಮರಣ ಮತ್ತು ಶಿಶುಮರಣ ಇಳಿದದ್ದು ಕಾಣದೆಂದು 2015ರಲ್ಲಿ ಹೇಳಿದ ಅದೇ ವಿಶ್ವ ಆರೋಗ್ಯ ಸಂಸ್ಥೆ, ಒಂದು ನಿರ್ದಿಷ್ಟ ಪ್ರಮಾಣವನ್ನು ಮುಟ್ಟುವುದಕ್ಕಿಂತ ಅಗತ್ಯವಿರುವ ಪ್ರತಿಯೊಬ್ಬಳಿಗೂ ಶಸ್ತ್ರಚಿಕಿತ್ಸೆ ಸಿಗುವಂತೆ ಮಾಡುವುದೇ ಮುಖ್ಯವೆಂದೂ ಹೇಳಿತು. ಈ ಎರಡನೆಯ ವಾಕ್ಯ ಯಾರ ಭಾಷಣದಲ್ಲೂ ಉಲ್ಲೇಖವಾಗುವುದಿಲ್ಲ.

ಅಂಕಿಯೇ ಗುರಿಯಾದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳ ಬಗ್ಗೆ 2022ರ ಮಾರ್ಚ್‌ನಲ್ಲಿ ಹೊರಬಂದ ವಿಚಾರಣಾ ವರದಿಯನ್ನು ಓದಬೇಕು. ಸಿಸೇರಿಯನ್ ಪ್ರಮಾಣ ಕಡಿಮೆಯಿದೆಯೆಂದು ಹೆಸರು ಪಡೆದಿದ್ದ ಆ ಆಸ್ಪತ್ರೆಗಳಲ್ಲಿ, ಆರೈಕೆ ಸರಿಯಿದ್ದಿದ್ದರೆ 201 ಶಿಶುಗಳು ಬದುಕುತ್ತಿದ್ದವು ಅಥವಾ ಬದುಕಬಹುದಿತ್ತೆಂದು ಡೋನಾ ಓಕೆಂಡನ್ ನೇತೃತ್ವದ ತಂಡ ಕಂಡುಕೊಂಡಿತು. ಶಸ್ತ್ರಚಿಕಿತ್ಸೆ ಕೇಳಿದರೂ ಸಿಗದ ತಾಯಂದಿರು ಅಲ್ಲಿದ್ದರು. ಅದೇ ವರ್ಷ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸಿಸೇರಿಯನ್ ಪ್ರಮಾಣವನ್ನು ಆಸ್ಪತ್ರೆಗಳ ಸಾಧನೆಯ ಅಳತೆಗೋಲಾಗಿ ಬಳಸುವುದನ್ನು ಕೈಬಿಟ್ಟಿತು. 'ಸಹಜ'ವೆಂಬ ಪದಕ್ಕೆ ಪೂಜೆ ಸಲ್ಲಿಸುವವರು ಹೆರುವವಳ ಮಾತನ್ನು ಕೇಳದಿದ್ದರೆ, ಆಕೆಯ ಪಾಲಿಗೆ ಅವರಿಗೂ ಕತ್ತರಿ ಹಿಡಿದು ಬಂದವರಿಗೂ ಏನು ವ್ಯತ್ಯಾಸ?

ಎಲ್ಲಿ ಹೆರಬೇಕೆಂಬ ಆಯ್ಕೆಯ ಬಗ್ಗೆಯೂ ಇದೇ ಪ್ರಾಮಾಣಿಕತೆ ಬೇಕು. ಮನೆಯಲ್ಲಿ ಹೆರುವುದು ಸುರಕ್ಷಿತವೆಂದು ಒಬ್ಬರು, ಅದು ಹುಚ್ಚುಸಾಹಸವೆಂದು ಇನ್ನೊಬ್ಬರು ಹೇಳುವಾಗ ಇಬ್ಬರೂ 2011ರಲ್ಲಿ ಪ್ರಕಟವಾದ, ಇಂಗ್ಲೆಂಡಿನ 64,538 ಕಡಿಮೆ ಅಪಾಯದ ಹೆರಿಗೆಗಳ ಅಧ್ಯಯನವನ್ನು ತಮಗೆ ಬೇಕಾದಷ್ಟೇ ಓದಿರುತ್ತಾರೆ. ಮೊದಲೇ ಒಮ್ಮೆ ಹೆತ್ತವರಲ್ಲಿ ಮನೆಗೂ ಆಸ್ಪತ್ರೆಗೂ ಮಗುವಿನ ಸುರಕ್ಷತೆಯ ವಿಷಯದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ, ತಾಯಿಗೆ ಮಾಡುವ ಶಸ್ತ್ರಕ್ರಿಯೆಗಳು ಮನೆಯಲ್ಲಿ ಕಡಿಮೆಯಿದ್ದವು. ಚೊಚ್ಚಲಿನವರಲ್ಲಿ, ಮಗುವಿನ ಸಾವು ಅಥವಾ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದರೆ ಮನೆಯಲ್ಲಿ 9.3 ಇತ್ತು, ಮತ್ತು ಮನೆಯಲ್ಲೇ ಹೆರುವೆನೆಂದು ಹೊರಟ ನೂರರಲ್ಲಿ ಸುಮಾರು 45 ಮಂದಿಯನ್ನು ನಡುವೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಇದು ಅರ್ಹ ಸೂಲಗಿತ್ತಿಯರೂ, ಆಂಬುಲೆನ್ಸೂ, ಸಿದ್ಧವಾಗಿ ನಿಂತ ಆಸ್ಪತ್ರೆಯೂ ಇರುವಲ್ಲಿನ ಲೆಕ್ಕ. ಅವು ಇಲ್ಲದಲ್ಲಿ ಇದನ್ನು ಎತ್ತಿ ತೋರಿಸುವುದು ಮೋಸ. ಅಪಾಯ ಸಾವಿರಕ್ಕೆ ಐದರಿಂದ ಒಂಬತ್ತಾಗುತ್ತದೆಂದು ಹೇಳಿದರೆ ಒಬ್ಬಳು ಬೇಡವೆಂದಾಳು, ಮತ್ತೊಬ್ಬಳು ಆದರೂ ಮನೆಯೇ ಆಗಲಿ ಎಂದಾಳು. ಇಬ್ಬರೂ ಯೋಚಿಸಿಯೇ ಹೇಳಿರುತ್ತಾರೆ. 'ಅಪಾಯ ದುಪ್ಪಟ್ಟು' ಎಂದು ಹೆದರಿಸುವುದೂ, 'ಏನೂ ಆಗುವುದಿಲ್ಲ' ಎಂದು ನಂಬಿಸುವುದೂ ಆಕೆಯ ಬದಲು ತಾವೇ ಯೋಚಿಸಿ ತೀರ್ಮಾನಿಸಿದಂತೆ.

ಒಂದು ಸಾರಿ ಸಿಸೇರಿಯನ್ ಆದವಳ ಮುಂದಿನ ಹೆರಿಗೆಯಲ್ಲಂತೂ ಈ ಮಾತುಕತೆ ಬಹುತೇಕ ನಡೆಯುವುದೇ ಇಲ್ಲ. ಸಹಜ ಹೆರಿಗೆಗೆ ಪ್ರಯತ್ನಿಸಿದ ಅಂಥ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಸಾಧ್ಯವಾಗುತ್ತದೆ, ಇನ್ನೂರರಲ್ಲಿ ಸರಿಸುಮಾರು ಒಬ್ಬಳಿಗೆ ಗರ್ಭಕೋಶದ ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಅಪಾಯವಿರುತ್ತದೆ. ಇತ್ತ, ಪ್ರತಿ ಬಾರಿ ಕೊಯ್ದಾಗಲೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಕಲೆಗೆ ಆಳವಾಗಿ ಅಂಟಿಕೊಳ್ಳುವ ಅಪಾಯ ಏರುತ್ತ ಹೋಗುತ್ತದೆ. ಒಂದೇ ಮಗು ಸಾಕೆನ್ನುವವಳಿಗೂ ನಾಲ್ಕು ಬೇಕೆನ್ನುವವಳಿಗೂ ಈ ತಕ್ಕಡಿ ಒಂದೇ ಕಡೆ ತೂಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಿಧಾನವಾಗಿ ಕಣ್ಣು ತೆರೆಯುತ್ತಿದೆ. ಸ್ಕಾಟ್ಲೆಂಡಿನ ಒಬ್ಬ ಮಧುಮೇಹಿ ತಾಯಿಗೆ 1999ರಲ್ಲಿ ಹೆರಿಗೆಯಾಗುವಾಗ ಮಗುವಿನ ಭುಜ ಸಿಕ್ಕಿಕೊಂಡಿತು, ಮಗು ಗಂಭೀರ ಅಂಗವೈಕಲ್ಯಕ್ಕೆ ಗುರಿಯಾಯಿತು. ಹಾಗೆ ಭುಜ ಸಿಕ್ಕಿಕೊಳ್ಳುವ ಸಾಧ್ಯತೆ ಅಂಥವರಲ್ಲಿ ಶೇ 9ರಿಂದ 10ರಷ್ಟಿದೆಯೆಂದು ವೈದ್ಯೆಗೆ ಗೊತ್ತಿತ್ತು, ತಾಯಿಗೆ ಹೇಳಿರಲಿಲ್ಲ. ಏಕೆ ಹೇಳಲಿಲ್ಲವೆಂದರೆ, ಹೇಳಿದರೆ ಎಲ್ಲರೂ ಸಿಸೇರಿಯನ್ನನ್ನೇ ಕೇಳುತ್ತಾರೆಂಬುದು ಅವರು ಕೊಟ್ಟ ಸಮಜಾಯಿಷಿ. ಮಾಂಟ್ಗೊಮರಿ ಪ್ರಕರಣವೆಂದು ಹೆಸರಾದ ಈ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಡುತ್ತ, ಯಾವ ಅಪಾಯವನ್ನು ಹೇಳಬೇಕೆಂಬುದನ್ನು ವೈದ್ಯರ ವಾಡಿಕೆ ತೀರ್ಮಾನಿಸದು, ಆಕೆಯ ಸ್ಥಾನದಲ್ಲಿರುವ ವಿವೇಕವಂತ ವ್ಯಕ್ತಿಗೆ ಯಾವುದು ಮುಖ್ಯವೆನಿಸುತ್ತದೋ ಅದನ್ನು ಹೇಳಲೇಬೇಕೆಂದಿತು. ಹೇಳಿದರೆ ಬೇರೆಯದನ್ನು ಆರಿಸಿಕೊಂಡಾಳು ಎಂಬುದು ಹೇಳದಿರುವುದಕ್ಕೆ ಕಾರಣವಾಗಲಾರದು, ಹೇಳಲೇಬೇಕೆಂಬುದಕ್ಕೇ ಕಾರಣ. ಹಾಗಿದ್ದೂ ಆಯ್ಕೆಯ ಹಕ್ಕಿಗೆ ಎಲ್ಲೆಯೆಲ್ಲಿ ಎಂಬುದು ಇತ್ಯರ್ಥವಾಗಿಲ್ಲ. ಎಲ್ಲಿ ಹೆರಬೇಕೆಂಬುದು ಖಾಸಗಿ ಬದುಕಿನ ಹಕ್ಕಿಗೆ ಸೇರಿದ್ದೆಂದು 2010ರಲ್ಲಿ ಹಂಗೇರಿಯ ಪ್ರಕರಣವೊಂದರಲ್ಲಿ ಹೇಳಿದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೇ, 2016ರಲ್ಲಿ ಜೆಕ್ ಗಣರಾಜ್ಯದ ಪ್ರಕರಣದಲ್ಲಿ ಮನೆಹೆರಿಗೆಗೆ ಸೂಲಗಿತ್ತಿಯರ ನೆರವನ್ನು ಒದಗಿಸದ ಸರ್ಕಾರದ ನಿಲುವಿನಲ್ಲಿ ಹಕ್ಕಿನ ಉಲ್ಲಂಘನೆಯಿಲ್ಲವೆಂದಿತು. ಹೆರಿಗೆ ಕೊಠಡಿಯ ದೌರ್ಜನ್ಯಕ್ಕೆ 2007ರಲ್ಲಿ ಕಾನೂನಿನಲ್ಲೇ ಹೆಸರು ಕೊಟ್ಟ ವೆನೆಜುವೆಲಾದಂಥ ದೇಶಗಳೂ ಇವೆ. ಹೆಸರಿಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ, ಹೆಸರಿಲ್ಲದ್ದರ ಬಗ್ಗೆ ದೂರು ಕೊಡುವುದಕ್ಕಂತೂ ಆಗುವುದಿಲ್ಲ.

ಇನ್ನು ನನ್ನ ಕೋರಿಕೆಗಳು. ಹೆರಿಗೆಯ ಮಾತುಕತೆ ನೋವು ಬರುವುದಕ್ಕೆ ಮೊದಲೇ, ಏಳನೆಯ ತಿಂಗಳ ಹೊತ್ತಿಗಾದರೂ ನಡೆಯಬೇಕು. ನೋವಿನ ಮಧ್ಯೆ ಮುಂದೆ ಹಿಡಿದ ಒಪ್ಪಿಗೆ ಪತ್ರಕ್ಕೆ ಹಾಕಿದ ಸಹಿ ಕಾನೂನಿಗೆ ಸಾಕಾದೀತು, ತಿಳಿವಳಿಕೆಯ ಒಪ್ಪಿಗೆಯಂತೂ ಆಗದು. ಆ ಗಳಿಗೆಯಲ್ಲಿ ಹೆಂಗಸು ಯಾವ ಕಾಗದಕ್ಕೆ ಬೇಕಾದರೂ ಸಹಿ ಹಾಕಿಯಾಳು. ನೋವು ಬರಿಸುವುದು, ಕತ್ತರಿಸುವುದು, ಹೊಟ್ಟೆ ಒತ್ತುವುದು, ಉಪಕರಣ ಹಾಕಿ ಎಳೆಯುವುದು, ಕೊಯ್ಯುವುದು, ಇವುಗಳಲ್ಲಿ ಏನೇ ಮಾಡಿದರೂ ಕಾರಣವನ್ನು ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ಅದರ ಪ್ರತಿಯನ್ನು ಕೈಗೆ ಕೊಡಬೇಕು. ಹೊಟ್ಟೆ ಒತ್ತುವುದನ್ನೂ, ಎಲ್ಲರಿಗೂ ವಾಡಿಕೆಯಂತೆ ಕತ್ತರಿಸುವುದನ್ನೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ಅಪಾಯವಿಲ್ಲದವಳು ನೋವಿನ ನಡುವೆ ನೀರು ಕುಡಿದು ಏನಾದರೂ ತಿನ್ನಬಹುದೆಂದೂ ಹೇಳುತ್ತದೆ. ಇದು ಹೆರಿಗೆ ಕೊಠಡಿಯ ಗೋಡೆಯ ಮೇಲೆ, ಒಳಗೆ ಮಲಗಿದವಳಿಗೆ ಕಾಣುವಂತೆ ಇರಬೇಕು. ಆಕೆ ತಾನೇ ಆರಿಸಿದ ಒಬ್ಬರು ಉದ್ದಕ್ಕೂ ಜೊತೆಗಿರಲು ಬಿಡಬೇಕು. ಯಂತ್ರವನ್ನೂ ಔಷಧಿಯನ್ನೂ ಬೇಡದ ಈ ಕ್ರಮದಿಂದ ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ತಗ್ಗುತ್ತದೆಂದು ಹದಿನೈದು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗಗಳ ಸಮೀಕ್ಷೆ 2017ರಲ್ಲಿ ದೃಢಪಡಿಸಿದೆ. ಬಿಲ್ಲಿನಲ್ಲಿ ಸೇರಿಸಲಾಗದ ಕ್ರಮವಾದ್ದರಿಂದಲೇ ಇದಕ್ಕೆ ಇಷ್ಟು ತಾತ್ಸಾರವೇನೋ!

ಪ್ರತಿ ಆಸ್ಪತ್ರೆಯೂ ತನ್ನ ಸಿಸೇರಿಯನ್ ಲೆಕ್ಕವನ್ನು ಒಂದೇ ಶೇಕಡಾ ಆಗಿ ಹೇಳದೆ, ರಾಬ್ಸನ್ ವರ್ಗೀಕರಣದ ಹತ್ತು ಗುಂಪುಗಳಲ್ಲಿ ಬಿಡಿಸಿ ಪ್ರಕಟಿಸಬೇಕು. ಚೊಚ್ಚಲಿನವರು, ಹಿಂದೆ ಕೊಯ್ಯಿಸಿಕೊಂಡವರು, ಅವಳಿ ಹೊತ್ತವರು, ಮಗು ತಲೆಕೆಳಗಾಗಿ ತಿರುಗದವರು ಹೀಗೆ ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಯಾವ ಆಸ್ಪತ್ರೆ ಅಗತ್ಯಕ್ಕೆ ಕೊಯ್ಯುತ್ತದೆ, ಯಾವುದು ಅನುಕೂಲಕ್ಕೆ ಕೊಯ್ಯುತ್ತದೆಂಬುದು ತಿಳಿದೀತು. ಇಂಥ ಪಟ್ಟಿಗಳನ್ನು ಕೇಳಿ ಪಡೆದು ಅಚ್ಚುಹಾಕುವ ಕೆಲಸವನ್ನು ತಮ್ಮ ಪತ್ರಿಕೆ ಕೈಗೆತ್ತಿಕೊಂಡರೆ, ಸಹಜವೋ ಸಿಸೇರಿಯನ್ನೋ ಎಂಬ ಪತ್ರಗಳಿಗೆ ಮೀಸಲಿಟ್ಟ ಜಾಗಕ್ಕಿಂತ ಹೆಚ್ಚಿನ ಉಪಯೋಗವಾದೀತು.

ಕೊನೆಯ ಕೋರಿಕೆ ಹೆರಿಗೆಯ ನಂತರದ್ದು. ನನ್ನ ಎರಡನೆಯ ಹೆರಿಗೆಯಾದ ಮೂರನೆಯ ದಿನ ಅದೇ ವೈದ್ಯೆ ಕಡತ ಹಿಡಿದು ಬಂದು, ಮಗುವಿನ ಎದೆಬಡಿತ ಇಳಿದದ್ದು ಕಾಗದದ ಪಟ್ಟಿಯ ಮೇಲೆ ಎಲ್ಲಿ, ಎಷ್ಟು ಹೊತ್ತು ಎಂದು ಬೆರಳಿಟ್ಟು ತೋರಿಸಿದರು. ಹತ್ತು ನಿಮಿಷವಾಗಿರಬಹುದು. ಇಂಥ ಹತ್ತು ನಿಮಿಷ ಪ್ರತಿ ತಾಯಿಗೂ ಸಿಗಬೇಕು. ಆಗ ನಾನು ಧೈರ್ಯ ಮಾಡಿ, ಐದು ವರ್ಷ ಹಿಂದೆ ನನ್ನನ್ನು ಹೇಳದೆ ಕತ್ತರಿಸಿದ್ದೇಕೆ ಇರಬಹುದೆಂದು ಅವರನ್ನು ಕೇಳಿದೆ. ತಾನು ಅಲ್ಲಿರಲಿಲ್ಲವಾದ್ದರಿಂದ ಹೇಳಲಾರೆ, ಕಡತ ಅಲ್ಲಿಯೇ ಇರುತ್ತದೆ, ಅವರನ್ನೇ ಕೇಳುವ ಹಕ್ಕು ನಿಮಗಿದೆ ಎಂದರು. ನಾನು ಇನ್ನೂ ಕೇಳಿಲ್ಲ. ಈ ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಆ ಆಸ್ಪತ್ರೆಗೂ ಒಂದು ಪತ್ರ ಬರೆಯುವವಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಾರ್ತಿ